ಆಪರೇಷನ್ ತಾರೀಖು ಕೊಟ್ಟಿದ್ದಾರಾ? ಅಲ್ಲಿಂದ ನಿಮ್ಮ ಕೆಲಸ ಶುರು

ಮೊದಲ ಸಲ ನನ್ನನ್ನು ಆಪರೇಷನ್ ಥಿಯೇಟರ್ ಬಾಗಿಲಿನಿಂದಲೇ ವಾಪಸ್ ಕಳಿಸಿದರು. ಹರ್ನಿಯಾ ಆಪರೇಷನ್. ಸಿರುಗುಪ್ಪದಿಂದ ಹಿಂದಿನ ದಿನವೇ ಬಳ್ಳಾರಿಗೆ ಹೋಗಿ ಅಡ್ಮಿಟ್ ಆಗಿದ್ದೆ, ಹಸಿರು ಗೌನು ಹಾಕಿಯಾಗಿತ್ತು, ಕೈಗೆ ಸೂಜಿ ಚುಚ್ಚಿಯಾಗಿತ್ತು. ಮತ್ತಿನ ಇಂಜೆಕ್ಷನ್ ಕೊಡುವ (ಅರಿವಳಿಕೆ) ಡಾಕ್ಟರ್ ಬಂದು "ಬೆಳಿಗ್ಗೆಯಿಂದ ಏನಾದರೂ ತಗೊಂಡಿದ್ದೀರಾ?" ಅಂದರು. "ಏನಿಲ್ಲ ಸರ್, ಅರ್ಧ ಕಪ್ ಚಾ ಅಷ್ಟೇ" ಅಂದೆ. ಅವರು ಗಡಿಯಾರ ನೋಡಿದರು, ಫೈಲ್ ಮುಚ್ಚಿದರು. ಮುಂದಿನ ಪಾಳಿ ಒಂದು ವಾರದ ಮೇಲೆ.

ಆ ಚಾ ತಂದುಕೊಟ್ಟಿದ್ದು ನನ್ನ ಸೋದರಮಾವ. ಹಿಂದಿನ ರಾತ್ರಿ ನರ್ಸ್ "ಏನೂ ತಿನ್ನಬೇಡಿ" ಅಂದಿದ್ದರು. ಮಾವ ಬೆಳಿಗ್ಗೆ ಆರಕ್ಕೆ ಗೇಟಿನ ಹತ್ತಿರದ ಅಂಗಡಿಯಿಂದ ಕಾಗದದ ಕಪ್ಪಿನಲ್ಲಿ ಚಾ ತಂದು, "ತಿನಬ್ಯಾಡ ಅಂದಾರ ಅಳಿಯಾ, ಕುಡಿಬ್ಯಾಡ ಅಂದಿಲ್ಲಲ್ಲ?" ಅಂದ. ಮಾತು ಸರಿ ಅನ್ನಿಸಿತು, ಕುಡಿದೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಆಪರೇಷನ್ ಮಾಡೋದು ಡಾಕ್ಟರ್ ಕೆಲಸ, ಆದರೆ ಅದಕ್ಕೆ ಮುಂಚಿನ ಹದಿನೈದು ಇಪ್ಪತ್ತು ದಿನ ಪೂರ್ತಿ ನಿಮ್ಮ ಕೈಯಲ್ಲಿರುತ್ತವೆ. ಕೆಲಸ ಕೆಡೋದು ಹೆಚ್ಚಾಗಿ ದೊಡ್ಡ ವಿಷಯಕ್ಕಲ್ಲ, "ಇದೇನು ಮಹಾ" ಅಂತ ನಾವು ಹೇಳದೆ ಬಿಟ್ಟ ಸಣ್ಣ ವಿಷಯಕ್ಕೆ. ನಾನು ಡಾಕ್ಟರ್ ಅಲ್ಲ. ಒಂದು ಸಲ ನಾನೇ ಮಲಗಿದ್ದೇನೆ, ಅಮ್ಮನ ಪಿತ್ತಕೋಶದ ಆಪರೇಷನ್‌ಗೆ ಜೊತೆಗಿದ್ದೆ, ಆಮೇಲೆ ನಮ್ಮ ಓಣಿಯಲ್ಲಿ ಯಾರಿಗೆ ತಾರೀಖು ಸಿಕ್ಕರೂ ನನ್ನನ್ನೇ ಕೇಳುತ್ತಾರೆ. ಇಲ್ಲಿ ಬರೆದದ್ದಕ್ಕೂ ನಿಮ್ಮ ಡಾಕ್ಟರ್ ಹೇಳಿದ್ದಕ್ಕೂ ಹೊಂದಲಿಲ್ಲ ಅಂದರೆ ಅವರ ಮಾತೇ ಕೇಳಿ.

ತಾರೀಖು ಹಾಕಿಸಿಕೊಳ್ಳುವಾಗ

ಡಾಕ್ಟರ್ "ಬರೋ ಗುರುವಾರ ಬನ್ನಿ" ಅಂದ ತಕ್ಷಣ ತಲೆ ಆಡಿಸಿ ಎದ್ದು ಬರಬೇಡಿ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ: ಆಪರೇಷನ್ ಹೆಸರೇನು, ಕೊಯ್ದು ಮಾಡುತ್ತೀರಾ ಇಲ್ಲ ಸಣ್ಣ ತೂತು ಹಾಕಿ ಲ್ಯಾಪ್ರೋಸ್ಕೋಪಿಯಲ್ಲಿ ಮಾಡುತ್ತೀರಾ, ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಲು ಬೆನ್ನಿಗೆ ಇಂಜೆಕ್ಷನ್ನಾ ಇಲ್ಲ ಪ್ರಜ್ಞೆ ತಪ್ಪಿಸುವ ಪೂರ್ತಿ ಮತ್ತಾ, ಎಷ್ಟು ದಿನ ಇರಬೇಕು, ಈಗ ಮಾಡಿಸದಿದ್ದರೆ ಏನಾಗುತ್ತದೆ. ಕೊನೆಯ ಪ್ರಶ್ನೆ ಕೇಳಲು ನಮ್ಮ ಜನಕ್ಕೆ ಸಂಕೋಚ. ಡಾಕ್ಟರ್ ಬೇಜಾರು ಮಾಡಿಕೊಳ್ಳುತ್ತಾರೆ ಅಂತ. ಮಾಡಿಕೊಳ್ಳಲ್ಲ, ಕೇಳಿ.

ಇನ್ನೊಂದು ಪ್ರಶ್ನೆ ನಮ್ಮ ಕಡೆ ತುಂಬಾ ಮುಖ್ಯ, "ಭಾರ ಎತ್ತಲು ಯಾವಾಗಿಂದ ಬಿಡುತ್ತೀರಿ?" ಹರ್ನಿಯಾ ಆದವರಿಗೆ ಕೆಲವು ವಾರ ಭಾರ ಎತ್ತಬಾರದು ಅನ್ನುತ್ತಾರೆ, ತೆರೆದು ಮಾಡಿದ್ದರೆ ಒಂದು ತಿಂಗಳಿಗಿಂತ ಜಾಸ್ತಿಯೂ ಆಗಬಹುದು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಯವರು ಭತ್ತದ ಕಟಾವಿಗೆ ಹದಿನೈದು ದಿನ ಮುಂಚೆ ಆಪರೇಷನ್ ಮಾಡಿಸಿಕೊಂಡರೆ ಏನಾಗುತ್ತದೆ? ಚೀಲ ತುಂಬುವ ದಿನ ಮನೆಯಲ್ಲಿ ಮಲಗಲು ಮನಸ್ಸು ಬರಲ್ಲ, ಹೋಗಿ ಚೀಲಕ್ಕೆ ಕೈ ಹಾಕುತ್ತಾರೆ. ಡಾಕ್ಟರ್ ಅರ್ಜೆಂಟ್ ಇಲ್ಲ ಅಂದಿದ್ದರೆ ಕಟಾವು ಮುಗಿದ ಮೇಲಿನ ತಾರೀಖು ಕೇಳಿ. ಅರ್ಜೆಂಟ್ ಅಂದಿದ್ದರೆ ಆಳು ಹಚ್ಚಿ, ಅಷ್ಟೇ.

ಅಮಾವಾಸ್ಯೆ, ಮಂಗಳವಾರ ನೋಡುವ ಮನೆಯಾದರೆ ಅದನ್ನೂ ಇದೇ ದಿನ ಹೇಳಿಬಿಡಿ. ನಾನು ನಂಬಲ್ಲ, ಅಮ್ಮ ನಂಬುತ್ತಾಳೆ. ಕ್ಯಾಲೆಂಡರ್ ನೋಡಿ ಒಂದು ದಿನ ಆಚೀಚೆ ಮಾಡಿಕೊಡಿ ಅಂದರೆ ಸಾಮಾನ್ಯವಾಗಿ ಆಗುತ್ತದೆ. ಅಡ್ಮಿಟ್ ಆದ ಬೆಳಿಗ್ಗೆ ಅಜ್ಜಿ ಫೋನ್ ಮಾಡಿ "ಇವತ್ತು ಅಮಾಸಿ ಐತಿ, ಬ್ಯಾಡ" ಅಂದರೆ ಮಾತ್ರ ಎಲ್ಲರಿಗೂ ತಲೆಬಿಸಿ.

ಕಾರ್ಡು, ಕಾಗದ, ದುಡ್ಡು

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಸರ್ಕಾರ ಕೊಡೋದು ಆ ಚಿಕಿತ್ಸೆಗೆ ನಿಗದಿಯಾದ (ಪ್ಯಾಕೇಜ್) ದರದ ಶೇ. 30ರಷ್ಟು, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಜನ ಎಡವುವ ಜಾಗ ಯಾವುದು ಅಂದರೆ, ತುರ್ತು ಅಲ್ಲದ ಆಪರೇಷನ್ನನ್ನು ಯೋಜನೆಯಲ್ಲಿ ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ ರೆಫರಲ್ ಚೀಟಿ ತರಬೇಕು. ನೇರ ಖಾಸಗಿಗೆ ಹೋಗಿ ಅಡ್ಮಿಟ್ ಆಗಿ, ಆಮೇಲೆ ಕಾರ್ಡ್ ತೋರಿಸಿ ಜಗಳ ಮಾಡಿದರೆ ಏನೂ ಆಗಲ್ಲ. ಹಾಗೆ ನೋಡಿದರೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಬಳ್ಳಾರಿಯದ್ದಕ್ಕೆ ಈಗ ಬಿಎಂಸಿಆರ್‌ಸಿ ಅಂತ ಹೆಸರು, ಆಟೋದವರಿಗೆ ಮಾತ್ರ ಇನ್ನೂ "ವಿಮ್ಸ್" ಅಂದರೇ ಬೇಗ ಗೊತ್ತಾಗೋದು. ರಾಯಚೂರಿನದು ರಿಮ್ಸ್, ಕೊಪ್ಪಳದ್ದು ಕಿಮ್ಸ್. ಹುಬ್ಬಳ್ಳಿಯದ್ದನ್ನೂ ಜನ ಕಿಮ್ಸ್ ಅಂತಲೇ ಕರೆಯೋದರಿಂದ ಫೋನಿನಲ್ಲಿ ಹೇಳುವಾಗ ಯಾವ ಕಿಮ್ಸ್ ಅಂತ ಸ್ಪಷ್ಟವಾಗಿ ಹೇಳಿ.

ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳಲು ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಅಡ್ಮಿಟ್ ಆಗುವ ದಿನ ಅಲ್ಲ, ತಾರೀಖು ಸಿಕ್ಕ ದಿನವೇ ಅವರ ಹತ್ತಿರ ರೇಷನ್ ಕಾರ್ಡ್, ಆಧಾರ್ ತೋರಿಸಿ. ಎರಡರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿಸಿ. ಒಂದರಲ್ಲಿ ಹುಲಿಗೆಮ್ಮ, ಇನ್ನೊಂದರಲ್ಲಿ ಹುಲಿಗಮ್ಮ ಅಂತ ಇದ್ದು ಒಂದಿಡೀ ದಿನ ಓಡಾಡಿದವರನ್ನು ನೋಡಿದ್ದೇನೆ. ಸ್ವಂತ ಇನ್ಶೂರೆನ್ಸ್ ಇದ್ದವರು ಎರಡು ಮೂರು ದಿನ ಮುಂಚೆಯೇ ಕಂಪನಿಗೆ ತಿಳಿಸಿ. ಹರ್ನಿಯಾ, ಕಣ್ಣಿನ ಪೊರೆಯಂಥವಕ್ಕೆ ಎಷ್ಟೋ ಪಾಲಿಸಿಗಳಲ್ಲಿ ಎರಡು ವರ್ಷ ಕಾಯುವ ಅವಧಿ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಎಲ್ಲ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಒಂದು ಫೈಲಿಗೆ ಹಾಕಿ, ಮೊಬೈಲಿನಲ್ಲಿ ಫೋಟೋನೂ ತೆಗೆದಿಡಿ. ಎಕ್ಸ್‌ರೇ ಮಡಚಬೇಡಿ.

ಮತ್ತಿನ ಇಂಜೆಕ್ಷನ್ ಕೊಡುವ ಡಾಕ್ಟರ್ ಮುಂದೆ

ಇದು ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಆದರೆ ಜನ ಇದನ್ನೇ ಲೆಕ್ಕಕ್ಕೆ ಇಡಲ್ಲ. ಆಸ್ಪತ್ರೆಯಲ್ಲಿ ಇದಕ್ಕೆ "ಫಿಟ್‌ನೆಸ್" ಅನ್ನುತ್ತಾರೆ. ರಕ್ತ, ಶುಗರ್, ಕಿಡ್ನಿ, ಇಸಿಜಿ, ಎದೆಯ ಎಕ್ಸ್‌ರೇ, ವಯಸ್ಸಾದವರಿಗೆ ಅಥವಾ ಹೃದಯದ ತೊಂದರೆ ಇದ್ದವರಿಗೆ ಎಕೋ, ಅಂದರೆ ಹೃದಯದ ಸ್ಕ್ಯಾನ್. ಇವನ್ನು ನೋಡಿ ಅರಿವಳಿಕೆ ಡಾಕ್ಟರ್ ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ. ಕೊಯ್ಯುವವರು ಹೊಟ್ಟೆ ನೋಡಿಕೊಂಡರೆ, ಅಷ್ಟು ಹೊತ್ತೂ ನಿಮ್ಮ ಉಸಿರು, ಬಿ.ಪಿ., ನಾಡಿ ಕಾಯುವವರು ಇವರು. ಇವರ ಮುಂದೆ ಮುಚ್ಚಿಟ್ಟರೆ ನಷ್ಟ ನಮಗೇ.

ಅಮ್ಮನ ಸಲದ್ದು ಹೇಳುತ್ತೇನೆ. "ಅಮ್ಮಾ, ಏನೇನು ಮಾತ್ರೆ ತಗೋತೀರಿ?" ಅಂತ ಡಾಕ್ಟರ್ ಕೇಳಿದರು. ಅಮ್ಮ ಬಿ.ಪಿ. ಮಾತ್ರೆ ತೋರಿಸಿದಳು. "ಬೇರೆ?" "ಬ್ಯಾರೆ ಏನಿಲ್ಲ." "ಮೊಣಕಾಲು ನೋವಿಗೆ?" ಅಂದರು. ಅವರಿಗೆ ಅದು ಹೇಗೆ ಹೊಳೆಯಿತೋ, ಅಮ್ಮ ಕುರ್ಚಿಯಿಂದ ಏಳುವ ರೀತಿ ನೋಡಿದ್ದಿರಬೇಕು. ಅಮ್ಮ ಸೊಂಟದ ಎಲೆ ಅಡಿಕೆ ಸಂಚಿ ಬಿಚ್ಚಿದಳು. ಮೊದಲು ಸುಣ್ಣದ ಡಬ್ಬಿ, ಆಮೇಲೆ ಅಡಿಕೆ, ಕೊನೆಗೆ ಕಾಗದದ ಪೊಟ್ಟಣ. ಒಳಗೆ ಹೆಸರಿಲ್ಲದ ಬಿಳಿ ಸಣ್ಣ ಮಾತ್ರೆಗಳು, ನಾಲ್ಕು ವರ್ಷದಿಂದ ಊರಿನಲ್ಲಿ ಒಬ್ಬರು ಕೊಡುತ್ತಿದ್ದದ್ದು. "ಇದು ಮಾತ್ರಿ ಅಲ್ಲಪ್ಪ, ನೋವಿಂದು" ಅಂದಳು. ಡಾಕ್ಟರ್ ಅದನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ, "ಇದು ಸ್ಟಿರಾಯ್ಡ್ ಇರಬಹುದು, ಹೇಳಿದ್ದು ಒಳ್ಳೇದಾಯ್ತು" ಅಂದರು. ಸ್ಟಿರಾಯ್ಡ್ ತುಂಬಾ ದಿನ ತಗೊಂಡರೆ ದೇಹ ತಾನೇ ಮಾಡಿಕೊಳ್ಳುವ ಸ್ಟಿರಾಯ್ಡ್ ಕಡಿಮೆಯಾಗುತ್ತದಂತೆ. ಆಪರೇಷನ್ ಹೊತ್ತಿಗೆ ಅದು ಸಾಕಾಗದೆ ಬಿ.ಪಿ. ಕುಸಿಯಬಹುದು. ಮೊದಲೇ ಗೊತ್ತಿದ್ದರೆ ಅದಕ್ಕೆ ಬೇಕಾದ ಇಂಜೆಕ್ಷನ್ ಕೊಡುತ್ತಾರೆ. ಅದಕ್ಕೇ ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಕಷಾಯ, ನಾಟಿ ಔಷಧಿ ಒಂದು ಚೀಲಕ್ಕೆ ತುಂಬಿ ಹಾಗೇ ಟೇಬಲ್ ಮೇಲೆ ಸುರಿಯಿರಿ. ಯಾವುದು ಮಾತ್ರೆ, ಯಾವುದು ಅಲ್ಲ ಅನ್ನೋದನ್ನು ಅವರೇ ತೀರ್ಮಾನಿಸಲಿ.

ಕೆಲವು ಮಾತ್ರೆಗಳ ಬಗ್ಗೆ ಮರೆಯದೆ ಕೇಳಿ. ರಕ್ತ ತೆಳು ಮಾಡುವ ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಇವನ್ನು ನಿಲ್ಲಿಸಬೇಕಾ, ಎಷ್ಟು ದಿನ ಮುಂಚೆ? ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು "ಆಪರೇಷನ್ ಇದೆಯಲ್ಲ" ಅಂತ ತಾವೇ ನಿಲ್ಲಿಸೋದು ಅಪಾಯ, ಯಾರನ್ನೂ ಕೇಳದೆ ನುಂಗುತ್ತಲೇ ಇರೋದೂ ಅಪಾಯ. ಶುಗರ್ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಮಾತ್ರೆಯ ಸ್ಟ್ರಿಪ್ ಮೇಲೆ ಇದ್ದರೆ ಅವನ್ನು ಸಾಮಾನ್ಯವಾಗಿ ಮೂರು ದಿನ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಉಪವಾಸ ಇದ್ದಾಗ ಅವು ರಕ್ತದಲ್ಲಿ ಆಮ್ಲ ಏರಿಸಬಹುದು. ಬಿ.ಪಿ. ಮಾತ್ರೆಗಳಲ್ಲಿ ಕೆಲವನ್ನು ಆ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಿ ಅನ್ನುತ್ತಾರೆ, ಕೆಲವನ್ನು ಬೇಡ ಅನ್ನುತ್ತಾರೆ. ಪಕ್ಕದ ಮನೆಯವರಿಗೆ ಹೇಳಿದ್ದು ನಿಮಗೆ ಅನ್ವಯಿಸಲ್ಲ. ಚೀಟಿಯ ಮೇಲೆ ಬರೆಸಿಕೊಳ್ಳಿ.

"ಬಾಯಿ ಪೂರ್ತಿ ತೆಗೀರಿ" ಅಂತ ಹೇಳಿ ಮೂರು ಬೆರಳು ಅಡ್ಡ ಹಿಡಿಯುತ್ತಾರೆ. ಇದು ಹಲ್ಲು ನೋಡೋಕಲ್ಲ. ಪೂರ್ತಿ ಮತ್ತು ಕೊಟ್ಟಾಗ ಉಸಿರಿಗೆ ಬಾಯಿಂದ ನಳಿಗೆ ಇಳಿಸಬೇಕಲ್ಲ, ಅದಕ್ಕೆ ಜಾಗ ಇದೆಯಾ ಅಂತ. ಗುಟ್ಕಾ, ಅಡಿಕೆ ತಿಂದು ತಿಂದು ಬಾಯಿ ಎರಡು ಬೆರಳಿಗೂ ತೆರೆಯದ ಇಪ್ಪತ್ತೈದರ ಹುಡುಗರು ನಮ್ಮ ಕಡೆ ಎಷ್ಟಿದ್ದಾರೆ ನಿಮಗೇ ಗೊತ್ತು. ಅಂಥವರು ತಾವೇ ಮೊದಲು ಹೇಳಿಬಿಟ್ಟರೆ ಅದಕ್ಕೆ ಬೇರೆ ಸಾಮಾನು ಸಿದ್ಧ ಮಾಡಿಕೊಳ್ಳುತ್ತಾರೆ. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲು, ದಮ್ಮು, ರಾತ್ರಿ ಗೊರಕೆ, ಮೊದಲು ಯಾವಾಗಲೋ ಇಂಜೆಕ್ಷನ್‌ಗೆ ಮೈಯೆಲ್ಲ ದದ್ದು ಎದ್ದದ್ದು, ಮನೆಯಲ್ಲಿ ಯಾರಿಗಾದರೂ ಆಪರೇಷನ್ ಟೇಬಲ್ ಮೇಲೆ ತೊಂದರೆಯಾದದ್ದು, ಎಲ್ಲ ಹೇಳಿ. ಕುಡಿಯುವ ಅಭ್ಯಾಸವಿದ್ದರೆ ಅದನ್ನೂ ಹೇಳಿ. ಹೆಂಡತಿ ಎದುರಿಗೆ ಹೇಳಲು ಆಗದಿದ್ದರೆ "ಸರ್, ಒಂದು ನಿಮಿಷ ಒಬ್ಬನೇ ಮಾತಾಡಬೇಕು" ಅನ್ನಿ. ದಿನಾ ಕುಡಿಯುವವರು ಆಸ್ಪತ್ರೆಯಲ್ಲಿ ದಿಢೀರ್ ನಿಂತರೆ ಎರಡನೇ ಮೂರನೇ ದಿನ ಕೈ ನಡುಗಿ, ಏನೇನೋ ಬಡಬಡಿಸಲು ಶುರು ಮಾಡಬಹುದು, ಫಿಟ್ಸ್ ಕೂಡ ಬರಬಹುದು.

ಮನೆಯಲ್ಲಿ ಕಳೆಯುವ ದಿನಗಳು

ರಕ್ತ ಕಡಿಮೆ ಇದೆ ಅಂದರೆ ತಾರೀಖು ಮುಂದೆ ಹೋಗುತ್ತದೆ, ನಮ್ಮ ಹೆಂಗಸರಿಗೆ ಹೆಚ್ಚಾಗಿ ಹೀಗೇ ಆಗೋದು. ಕಬ್ಬಿಣದ ಮಾತ್ರೆಯಿಂದ ರಕ್ತ ಏರಲು ವಾರಗಟ್ಟಲೆ ಬೇಕು, ಹಾಗಾಗಿ ತಡ ಮಾಡಬೇಡಿ. ಮಾತ್ರೆ ನುಂಗಿದ ಬೆನ್ನಿಗೆ ಚಾ ಕುಡಿಯಬೇಡಿ, ಕಬ್ಬಿಣ ಮೈಗೆ ಹತ್ತಲ್ಲ. ನಿಂಬೆಹಣ್ಣಿನ ನೀರಿನ ಜೊತೆ ತಗೊಂಡರೆ ಒಳ್ಳೇದು. ರಕ್ತ ಕೊಡುವವರು ಬೇಕಾಗಬಹುದು ಅಂದಿದ್ದರೆ ಇಬ್ಬರು ಮೂವರನ್ನು ಮೊದಲೇ ಮಾತಾಡಿಸಿಡಿ. 18 ತುಂಬಿರಬೇಕು, ತೂಕ 45 ಕಿಲೋಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5 ಇರಬೇಕು, ಗಂಡಸರಾದರೆ ಹಿಂದಿನ ಸಲ ಕೊಟ್ಟು ಮೂರು ತಿಂಗಳು, ಹೆಂಗಸರಾದರೆ ನಾಲ್ಕು ತಿಂಗಳು ಆಗಿರಬೇಕು.

ಬೀಡಿ, ಸಿಗರೇಟು ನಾಲ್ಕು ವಾರ ಮುಂಚೆ ಬಿಟ್ಟರೆ ಗಾಯ ಬೇಗ ಮಾಯುತ್ತದೆ, ಕಫ ಕಟ್ಟೋದು ಕಡಿಮೆಯಾಗುತ್ತದೆ. ನಾಲ್ಕು ವಾರ ಆಗಲಿಲ್ಲ ಅಂತ ಪೂರ್ತಿ ಕೈಬಿಡಬೇಡಿ, ಒಂದು ದಿನ ಬಿಟ್ಟರೂ ಲಾಭ ಇದೆ. ಹರ್ನಿಯಾದವರಿಗಂತೂ ಕೆಮ್ಮು ವೈರಿ. ಆಪರೇಷನ್ ಆದ ಮೇಲೆ ಒಂದೊಂದು ಕೆಮ್ಮಿಗೂ ಪ್ರಾಣ ಹೋಗಿ ಬಂದಂಗಾಗುತ್ತದೆ.

ಶುಗರ್ ಹತೋಟಿಗೆ ತನ್ನಿ, ಇಲ್ಲದಿದ್ದರೆ ಗಾಯಕ್ಕೆ ಕೀವು ಆಗುವುದು ಜಾಸ್ತಿ. ನೆಗಡಿ, ಜ್ವರ, ಮೈಮೇಲೆ ಕುರು ಏನಾದರೂ ಬಂದರೆ ಫೋನ್ ಮಾಡಿ ತಿಳಿಸಿ. ಆಪರೇಷನ್ ಜಾಗದ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ. ಸಣ್ಣ ಗೀರು ಬಿದ್ದರೂ ಸೋಂಕಿಗೆ ದಾರಿ. ಬೇಕಿದ್ದರೆ ಅಲ್ಲೇ ಮಷೀನಿನಿಂದ ಕತ್ತರಿಸುತ್ತಾರೆ.

ಮನೆಯನ್ನೂ ಒಂದು ಸಲ ನೋಡಿ. ಮಂಚ ಇದೆಯಾ, ಇಲ್ಲ ನೆಲದ ಮೇಲೆ ಚಾಪೆಯಾ? ಹೊಟ್ಟೆ ಕೊಯ್ದವರಿಗೆ ನೆಲದಿಂದ ಏಳೋದು ಭಾರೀ ಕಷ್ಟ. ಕೂರುವ ಕಕ್ಕಸು ಇಲ್ಲದಿದ್ದರೆ ನಡುವೆ ತೂತಿರುವ ಕಮೋಡ್ ಕುರ್ಚಿ ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಮೊಣಕಾಲು, ಸೊಂಟದ ಆಪರೇಷನ್‌ನವರಿಗೆ ಅದು ಬೇಕೇ ಬೇಕು.

ಬ್ಯಾಗು

ಹಳೇ ಕಾಟನ್ ಲುಂಗಿ ಅಥವಾ ಮುಂದೆ ಗುಂಡಿ ಇರುವ ನೈಟಿ, ಎರಡು ಚಾದರ, ಬಗ್ಗದೆ ಹಾಕಿಕೊಳ್ಳುವ ಚಪ್ಪಲಿ, ಚೊಂಬು, ಲೋಟ, ಚಮಚ, ಬಕೆಟ್, ಮಗ್ಗು, ಸೋಪು, ಚಿಲ್ಲರೆ ದುಡ್ಡು. ಮೊಬೈಲ್ ಚಾರ್ಜರಿನ ವೈರು ಉದ್ದ ಇರಲಿ. ಪ್ಲಗ್ ಯಾವಾಗಲೂ ಮಂಚದಿಂದ ದೂರವೇ ಇರುತ್ತದೆ, ಅದೊಂದು ನಿಯಮವೋ ಏನೋ. ಬೇಸಿಗೆಯಲ್ಲಿ ಹೋಗುವವರು ಕೈ ಬೀಸಣಿಗೆ ಇಟ್ಟುಕೊಳ್ಳಿ, ನಮ್ಮ ಬಿಸಿಲಲ್ಲಿ ಕರೆಂಟ್ ಹೋದರೆ ಪಕ್ಕದ ಮಂಚದವರೂ ಅದನ್ನೇ ಕೇಳುತ್ತಾರೆ. ಬಂಗಾರ ಬೇಡ.

ಜೊತೆಗೆ ಯಾರು ಇರುತ್ತಾರೆ ಅನ್ನೋದನ್ನೂ ಮೊದಲೇ ತೀರ್ಮಾನಿಸಿ. ಓದಲು ಬರುವ, ಓಡಾಡುವ, ರಾತ್ರಿ ಎಚ್ಚರ ಇರುವ ಒಬ್ಬರು ಸಾಕು. ನೋಡಲು ಬರುವ ಹದಿನೈದು ಜನ ಮನೆಗೆ ಬಂದ ಮೇಲೆ ಬರಲಿ. ನಮ್ಮವರು ಪ್ರೀತಿಯಿಂದ ಬರುತ್ತಾರೆ ನಿಜ, ಆದರೆ ಎರಡು ದಿನದಿಂದ ಗಂಜಿ ಕುಡಿಯುತ್ತಿರುವವನ ಮಂಚದ ಮೇಲೆ ಕೂತು ಮಂಡಕ್ಕಿ ಒಗ್ಗರಣೆ–ಮಿರ್ಚಿ ತಿನ್ನುತ್ತಾರಲ್ಲ, ಅದನ್ನು ಸಹಿಸೋದು ಕಷ್ಟ.

ಹಿಂದಿನ ರಾತ್ರಿ, ಆ ಬೆಳಿಗ್ಗೆ

ಈಗ ನನ್ನ ಚಾ ವಿಷಯಕ್ಕೆ ಬರೋಣ. ಮತ್ತು ಕೊಟ್ಟಾಗ ಗಂಟಲು ಸಡಿಲವಾಗುತ್ತದೆ. ಆಗ ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಜೀವಕ್ಕೇ ಅಪಾಯ. ಬೆನ್ನಿಗೆ ಇಂಜೆಕ್ಷನ್ ಕೊಡುವುದಾದರೂ ನಡುವೆ ಪೂರ್ತಿ ಮತ್ತು ಕೊಡಬೇಕಾಗಿ ಬರಬಹುದು, ಅದಕ್ಕೇ ಅವರಿಗೂ ಇದೇ ನಿಯಮ. ಸಾಮಾನ್ಯ ಲೆಕ್ಕ ಹೀಗಿದೆ: ಎಣ್ಣೆ ಪದಾರ್ಥ, ಮಾಂಸ ತಿಂದಿದ್ದರೆ 8 ಗಂಟೆ, ಇಡ್ಲಿಯಂಥ ಹಗುರ ತಿಂಡಿಗೆ 6 ಗಂಟೆ, ಬರೀ ನೀರಿಗೆ 2 ಗಂಟೆ ಬಿಡಬೇಕು. ಹಾಲು ಕುಡಿಯೋ ವಸ್ತುವಾದರೂ ಲೆಕ್ಕದಲ್ಲಿ ತಿಂಡಿಗೇ ಸೇರುತ್ತದೆ, ಹಾಗಾಗಿ ಹಾಲು ಹಾಕಿದ ಚಾ, ಮಜ್ಜಿಗೆ, ಗಂಜಿ ಎಲ್ಲಕ್ಕೂ 6 ಗಂಟೆ. ನನ್ನ ಮಾವನಿಗೆ ಈ ಒಂದು ವಾಕ್ಯ ಯಾರಾದರೂ ಹೇಳಿದ್ದರೆ ಸಾಕಿತ್ತು. "ಏನೂ ತಿನ್ನಬೇಡಿ" ಅಂದರೆ ಅಲ್ಲಿಗೇ ಬಿಡಬೇಡಿ, "ಊಟ ಎಷ್ಟು ಗಂಟೆವರೆಗೆ, ನೀರು ಎಷ್ಟು ಗಂಟೆವರೆಗೆ?" ಅಂತ ಎರಡೂ ಬೇರೆ ಬೇರೆ ಕೇಳಿ. ಏಪ್ರಿಲ್, ಮೇ ತಿಂಗಳ ರಾಯಚೂರು ಬಿಸಿಲಲ್ಲಿ ರಾತ್ರಿ ಹತ್ತರಿಂದ ಮಧ್ಯಾಹ್ನದವರೆಗೆ ಹನಿ ನೀರಿಲ್ಲದೆ ಇರಬೇಕಾಗಿಲ್ಲ. ಆದರೆ ಶುಗರ್ ಇದ್ದವರಿಗೆ, ಬಸುರಿಯರಿಗೆ ಲೆಕ್ಕ ಬೇರೆ ಇರಬಹುದು, ಅವರು ಹೇಳಿದ ಹೊತ್ತೇ ಪಾಲಿಸಿ. ಅಕಸ್ಮಾತ್ ಕುಡಿದುಬಿಟ್ಟಿದ್ದರೆ ಸುಳ್ಳು ಹೇಳಬೇಡಿ. ನನಗೆ ಒಂದು ವಾರ ಹೋಯಿತು, ಅಷ್ಟೇ.

ರಾತ್ರಿ ಅಥವಾ ಬೆಳಿಗ್ಗೆ ಸೋಪು ಹಚ್ಚಿ ಸ್ನಾನ ಮಾಡಿ. ಪೌಡರ್, ಎಣ್ಣೆ, ಉಗುರಿನ ಬಣ್ಣ ಬೇಡ. ಬೆರಳಿಗೆ ಹಾಕುವ ಆಕ್ಸಿಜನ್ ಕ್ಲಿಪ್ಪು ಬಣ್ಣದ ಉಗುರಿನ ಮೇಲೆ ಸರಿಯಾಗಿ ಓದಲ್ಲ. ಬಳೆ, ಮೂಗುಬೊಟ್ಟು, ಕಾಲುಂಗುರ, ಉಡಿದಾರದ ಬೆಳ್ಳಿ ಎಲ್ಲ ತೆಗೆಯಬೇಕು, ಯಾಕಂದರೆ ರಕ್ತ ನಿಲ್ಲಿಸಲು ಕರೆಂಟಿನ ಸಾಧನ ಬಳಸುತ್ತಾರೆ, ಲೋಹ ಇದ್ದ ಕಡೆ ಸುಡುವ ಅಪಾಯ ಇರುತ್ತದೆ. ನಲವತ್ತು ವರ್ಷದಿಂದ ಬೆರಳಿಗೆ ಕಚ್ಚಿಕೊಂಡ ಕಾಲುಂಗುರ ಆ ಬೆಳಿಗ್ಗೆ ಬರುತ್ತದೆ ಅಂದುಕೊಳ್ಳಬೇಡಿ, ಎರಡು ದಿನ ಮುಂಚೆ ಸೋಪಿನ ನೊರೆ ಹಚ್ಚಿ ತೆಗೆಯಿರಿ, ಬಾರದಿದ್ದರೆ ಅಕ್ಕಸಾಲಿಗರ ಹತ್ತಿರ ಹೋಗಿ. ತಾಳಿ ತೆಗೆಯಲು ಅಮ್ಮ ಒಪ್ಪಲೇ ಇಲ್ಲ. ಹಿಂದಿನ ದಿನವೇ ಕೇಳಿಕೊಂಡಿದ್ದಕ್ಕೆ, ಬಂಗಾರ ತೆಗೆದು ಬರೀ ಅರಿಶಿಣ ದಾರ ಇಟ್ಟುಕೊಳ್ಳಲು ಬಿಟ್ಟರು.

ಸಹಿ ಮಾಡುವ ಕಾಗದವನ್ನು ಕನ್ನಡದಲ್ಲಿ ಕೇಳಿ. ಸಿಗದಿದ್ದರೆ ಓದಿಸಿಕೊಳ್ಳಿ. ಆಪರೇಷನ್ ಹೆಸರು, ಯಾವ ಬದಿ, ಎಡವೋ ಬಲವೋ, ಸರಿ ಇದೆಯಾ ನೋಡಿ. ಮೈಮೇಲೆ ಪೆನ್ನಿನಿಂದ ಗುರುತು ಹಾಕಿದರೆ ಒಳ್ಳೇದೇ, ಒರೆಸಬೇಡಿ. ಒಬ್ಬರಾದ ಮೇಲೆ ಒಬ್ಬರು ಬಂದು ಹೆಸರು, ಯಾವ ಆಪರೇಷನ್ ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ ಗೊತ್ತಿಲ್ಲ ಅಂತಲ್ಲ, ತಪ್ಪಾಗದಿರಲಿ ಅಂತ. ನಾಲ್ಕನೇ ಸಲಕ್ಕೂ ಸಮಾಧಾನವಾಗಿ ಹೇಳಿ.

ಆಮೇಲೆ

ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಕೆಲವು ಗಂಟೆ ಕಾಲು ನಿಮ್ಮದಲ್ಲ ಅನ್ನಿಸುತ್ತದೆ. ಬರುತ್ತದೆ, ಹೆದರಬೇಡಿ. ಮೂತ್ರ ಕಟ್ಟಿದಂತಾದರೆ ಸಂಕೋಚ ಪಡದೆ ನರ್ಸಿಗೆ ಹೇಳಿ. ನೋವು ತಡೆದುಕೊಳ್ಳೋದು ಶೂರತನ ಅಲ್ಲ. ನೋವಿದ್ದರೆ ಆಳವಾಗಿ ಉಸಿರಾಡಲ್ಲ, ಕೆಮ್ಮಲ್ಲ, ಏಳಲ್ಲ, ಆಗ ಕಫ ಕಟ್ಟುತ್ತದೆ. ಕೆಮ್ಮುವಾಗ ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿಯಿರಿ. ಮಲಗಿದ್ದಾಗಲೂ ಪಾದ ಮೇಲೆ ಕೆಳಗೆ ಆಡಿಸಿ, ಡಾಕ್ಟರ್ ಹೇಳಿದ ತಕ್ಷಣ ಎದ್ದು ನಾಲ್ಕು ಹೆಜ್ಜೆ ಹಾಕಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯಾಗುತ್ತದೆ.

ಊಟದ ವಿಷಯಕ್ಕೆ ಮನೆಯಲ್ಲಿ ಜಗಳ ಖಚಿತ. ಬದನೆಕಾಯಿ ನಂಜು, ಶೇಂಗಾ ನಂಜು, ಬೇಳೆ ಕೀವಾಗುತ್ತದೆ, ತತ್ತಿ ಬೇಡ, ಅಂತ ಹೇಳಿ ಹೇಳಿ ಕೊನೆಗೆ ಬ್ರೆಡ್ಡು, ಗಂಜಿ ಎರಡೇ ಉಳಿಯುತ್ತವೆ. ಗಾಯ ಮಾಯಲು ಬೇಕಾಗಿರೋದೇ ಬೇಳೆ, ತತ್ತಿ, ಹಾಲು, ಕಾಳು. ಡಿಸ್ಚಾರ್ಜ್ ದಿನ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ, "ಏನೇನು ತಿನ್ನಬಹುದು?" ಅಂತ ಅವರ ಎದುರಿಗೇ ಡಾಕ್ಟರನ್ನು ಕೇಳಿ. ನಾನು ಹೇಳಿದರೆ ಕೇಳದ ಅಮ್ಮ, ಡಾಕ್ಟರ್ ಹೇಳಿದ ದಿನವೇ ತತ್ತಿ ಕುದಿಸಿಟ್ಟಳು.

ವಾಪಸ್ ಬರಲು ಬೈಕ್ ಬೇಡವೇ ಬೇಡ. ಬಸ್ಸೇ ಗತಿ ಅಂದರೆ ಹಿಂದಿನ ಸೀಟು ಬಿಟ್ಟು ನಡುವೆ ಕೂರಿ, ಹೊಟ್ಟೆಗೆ ದಿಂಬು ಹಿಡಿಯಿರಿ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್, ಒಂದೊಂದು ಗುಂಡಿಯೂ ಹೊಲಿಗೆಗೆ ಗೊತ್ತಾಗುತ್ತದೆ.

ಮನೆಗೆ ಬಂದ ಮೇಲೆ ಜ್ವರ, ಗಾಯದಿಂದ ಕೀವು ಅಥವಾ ನಿಲ್ಲದ ರಕ್ತ, ಹೊಟ್ಟೆ ಉಬ್ಬಿ ವಾಂತಿ, ಒಂದೇ ಕಾಲು ಊದಿ ನೋಯುವುದು, ಇವು ಯಾವುದಿದ್ದರೂ ತಪಾಸಣೆಯ ದಿನದವರೆಗೆ ಕಾಯಬೇಡಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನೇರ 108. ಡಿಸ್ಚಾರ್ಜ್ ಚೀಟಿ ಇಲ್ಲದೆ ಆಸ್ಪತ್ರೆ ಬಿಡಬೇಡಿ. ಅದರಲ್ಲಿ ಹೊಲಿಗೆ ಬಿಚ್ಚುವ ದಿನ, ಮೊದಲು ನಿಲ್ಲಿಸಿದ್ದ ಮಾತ್ರೆಗಳನ್ನು ಮತ್ತೆ ಯಾವಾಗ ಶುರು ಮಾಡಬೇಕು ಅನ್ನೋದು ಬರೆದಿದೆಯಾ ನೋಡಿ. ಒಳಗಿಂದ ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸಿದ್ದಾರಾ ಅಂತಲೂ ಕೇಳಿ. ಕಳಿಸಿದ್ದರೆ ಆ ರಿಪೋರ್ಟ್ ಬರಲು ಕೆಲವು ದಿನ ಬೇಕು. ಹೊಲಿಗೆ ಬಿಚ್ಚಿಸಲು ಹೋದಾಗ ಅದನ್ನು ನೀವೇ ಕೇಳಿ ಇಸಿದುಕೊಂಡು, ಡಾಕ್ಟರಿಗೆ ತೋರಿಸಿಯೇ ಬನ್ನಿ.